ಒಂದೆಲಗ: ಪಾರ್ಶ್ವವಾಯುವಿನ ನಂತರದ ಮರೆವು ಮತ್ತು ಗಿಡಮೂಲಿಕೆ

ಪುತ್ತೂರು ತಾಲೂಕಿನ ನರಿಮೊಗರು ಸೇರಿದಂತೆ ದಕ್ಷಿಣ ಕನ್ನಡದ ತೋಟಗಳ ತೇವದ ನೆಲದಲ್ಲಿ ಹಬ್ಬುವ ಬಳ್ಳಿ. ತುಳುವಿನಲ್ಲಿ ತಿಮರೆ, ಸಸ್ಯಶಾಸ್ತ್ರೀಯ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ಚಟ್ನಿ, ತಂಬುಳಿಗಳಲ್ಲಿ ಬಳಕೆ. ಜ್ಞಾಪಕಶಕ್ತಿಗೆ ಒಳ್ಳೆಯದೆಂಬ ನಂಬಿಕೆ ಹಳೆಯದು. ಆಯುರ್ವೇದ ಇದನ್ನು ಮಂಡೂಕಪರ್ಣಿ ಎಂದು ಮೇಧ್ಯ (ಬುದ್ಧಿವರ್ಧಕ) ರಸಾಯನಗಳಲ್ಲಿ ಸೇರಿಸುತ್ತದೆ. ಬ್ರಾಹ್ಮಿ ಎಂಬ ಹೆಸರಲ್ಲಿ ಇದೂ ನೀರುಬ್ರಾಹ್ಮಿಯೂ ಬೆರೆತುಹೋಗುವುದುಂಟು. ಗಿಡಗಳೇ ಬೇರೆಯಾದ್ದರಿಂದ ಒಂದರ ಪುರಾವೆ ಇನ್ನೊಂದಕ್ಕೆ ಸಲ್ಲದು.

ಪಾರ್ಶ್ವವಾಯುವಿನ ಬಳಿಕ ರಕ್ತ ತಲುಪದೆ ಸತ್ತ ಮಿದುಳಿನ ಭಾಗ ಮತ್ತೆ ಬೆಳೆಯುವುದಿಲ್ಲ. ಉಳಿದ ಭಾಗಗಳು ಹೊಸ ಜೋಡಣೆ ಕಲಿಯುವುದರಿಂದಲೇ ಬಹುಮಟ್ಟಿನ ಚೇತರಿಕೆ. ಪಾರ್ಶ್ವವಾಯುವಿನ ನಂತರ ಮರೆವು ಕಾಡುವ ರೋಗಿಗಳಲ್ಲೇ ಒಂದೆಲಗವನ್ನು ಪರೀಕ್ಷಿಸಿದ ಇಂಡೊನೇಷ್ಯಾದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 48 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ 750 ಅಥವಾ 1000 ಮಿ.ಗ್ರಾಂ ಸಾರ, ಉಳಿದವರಿಗೆ ಫೋಲಿಕ್ ಆಮ್ಲ, 6 ವಾರ. ಒಟ್ಟು ಸುಧಾರಣೆ ಎರಡೂ ಕಡೆ ಸರಿಸುಮಾರು ಒಂದೇ. ಕಲಿತದ್ದನ್ನು ಸ್ವಲ್ಪ ಹೊತ್ತಿನ ಬಳಿಕ ನೆನಪಿಸಿಕೊಳ್ಳುವುದರಲ್ಲಿ ಮಾತ್ರ ಒಂದೆಲಗ ಮುಂದಿತ್ತು. ಏನೂ ಕೊಡದ ಗುಂಪು ಇರಲಿಲ್ಲವಾದ್ದರಿಂದ ತಾನಾಗಿ ಆಗುವ ಚೇತರಿಕೆಯನ್ನು ಬೇರ್ಪಡಿಸಲಾಗದು. ಇದು ಭರವಸೆಯ ಸುಳಿವು, ಚಿಕಿತ್ಸೆಯ ಪುರಾವೆಯಲ್ಲ.

ತಲೆಮಾರುಗಳಿಂದ ತಿನ್ನುವ ಸೊಪ್ಪಿಗೆ ಪುರಾವೆ ಯಾಕೆ ಎಂಬ ಆಕ್ಷೇಪ ಸಹಜ. ಊಟದ ಸೊಪ್ಪಿಗೆ ಬೇಡ, ನಿಜ. ಆದರೆ ಸಾಂದ್ರ ಸಾರದ ಮಾತ್ರೆ ಬೇರೆಯೇ ವಸ್ತು. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ, ಪಾರ್ಶ್ವವಾಯು ರೋಗಿಗಳಲ್ಲಿ ಹಲವರಾದರೋ ರಕ್ತ ತೆಳುವಾಗಿಸುವ ಔಷಧಿಯನ್ನೂ ಸೇವಿಸುತ್ತಿರುತ್ತಾರೆ. ಮರೆವು ಹೆಚ್ಚಿಸುವುದು ಮುಖ್ಯವಾಗಿ ಮರುಕಳಿಸುವ ಪಾರ್ಶ್ವವಾಯು, ಅದನ್ನು ತಡೆಯಲು ರಕ್ತದೊತ್ತಡ ಹತೋಟಿಯಲ್ಲಿರಬೇಕು. ತಂಬುಳಿ ಉಣ್ಣಿರಿ, ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಅದಕ್ಕಾಗಿ ಬಿಡಬೇಡಿ.