ಕಲ್ಪೆಟ್ಟದ ಶಾಸಕ ಎಂ.ಪಿ. ವೀರೇಂದ್ರಕುಮಾರ್

ಎಂ.ಪಿ. ವೀರೇಂದ್ರಕುಮಾರ್ (1936–2020) ಕೇರಳದ ವಯನಾಡು ಜಿಲ್ಲೆಯ ಸಮಾಜವಾದಿ ರಾಜಕಾರಣಿ, ಪತ್ರಿಕಾ ಸಂಸ್ಥೆಯ ಮುಖ್ಯಸ್ಥ ಮತ್ತು ಮಲಯಾಳಂ ಲೇಖಕ. 1987ರಲ್ಲಿ ಕಲ್ಪೆಟ್ಟ ಕ್ಷೇತ್ರದಿಂದ ರಾಜ್ಯ ವಿಧಾನಸಭೆಗೆ ಆಯ್ಕೆಯಾದ ಅವರು ಮುಂದೆ ಸಂಸತ್ತಿನ ಎರಡೂ ಸದನಗಳಲ್ಲಿ ಕುಳಿತರು. ಅವರು ಪಡೆದ ಸ್ಥಾನಗಳಿಗಿಂತ ಬಿಟ್ಟುಬಂದ ಸ್ಥಾನಗಳೇ ಹೆಚ್ಚು ಚರ್ಚೆಗೆ ಒಳಗಾದವು.

ಮನೆತನ ಮತ್ತು ಹಿನ್ನೆಲೆ

ವಯನಾಡಿನಲ್ಲಿ ಜೈನರ ನೆಲೆ ಹಳೆಯದು. ಕರ್ನಾಟಕದ ಕಡೆಯಿಂದ ಘಟ್ಟದ ಈ ಸೀಮೆಗೆ ಬಂದು ನೆಲೆಸಿದವರ ಗುರುತು ಊರುಗಳ ಹೆಸರಿನಲ್ಲೂ ಉಳಿದಿದೆ. ಇಂದಿನ ಸುಲ್ತಾನ್ ಬತ್ತೇರಿಗೆ ಹಿಂದೆ ‘ಹನ್ನೆರಡು ಬೀದಿ’ ಎಂಬ ಅಚ್ಚಗನ್ನಡದ ಹೆಸರಿತ್ತು. ಅಲ್ಲಿನ ಕಲ್ಲಿನ ಬಸದಿ ಈಗಲೂ ನಿಂತಿದೆ.

ವೀರೇಂದ್ರಕುಮಾರ್ 1936ರ ಜುಲೈ 22ರಂದು ಇಂಥದೊಂದು ಜೈನ ಮನೆತನದಲ್ಲಿ ಜನಿಸಿದರು. ತಂದೆ ಎಂ.ಕೆ. ಪದ್ಮಪ್ರಭ ಗೌಡರ್, ತಾಯಿ ಮರುದೇವಿ ಅವ್ವ. ಪದ್ಮಪ್ರಭ ಆರನೆಯ ತೀರ್ಥಂಕರನ ಹೆಸರು. ಮರುದೇವಿ ಮೊದಲ ತೀರ್ಥಂಕರ ವೃಷಭನಾಥನ ತಾಯಿಯ ಹೆಸರು. ಹೆಸರು ಧರ್ಮದಿಂದ ಬಂದರೆ, ‘ಗೌಡರ್’, ‘ಅವ್ವ’ ಎಂಬ ಬಾಲಗಳು ಕನ್ನಡದಿಂದ ಬಂದವು. ಮನೆಯ ಹೊರಗಿನ ಬದುಕೆಲ್ಲ ಮಲಯಾಳಂನಲ್ಲಿ ಸಾಗಿದರೂ ಈ ಬಾಲಗಳು ಕಳಚಲಿಲ್ಲ.

ತಂದೆ ಸಮಾಜವಾದಿ ಮುಖಂಡರು, ಮದ್ರಾಸ್ ಶಾಸನಸಭೆಯ ಸದಸ್ಯರಾಗಿದ್ದವರು. ವಯನಾಡು ಆಗ ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು. ಅದು 1956ರ ನವೆಂಬರ್ 1ರಂದು ಕೇರಳದ ಭಾಗವಾಯಿತು. ಪ್ರತ್ಯೇಕ ಜಿಲ್ಲೆಯಾದದ್ದು 1980ರ ಅದೇ ದಿನ. ಮಗ ಮದ್ರಾಸಿನಲ್ಲಿ ತತ್ತ್ವಶಾಸ್ತ್ರ, ಅಮೆರಿಕದ ಸಿನ್ಸಿನಾಟಿಯಲ್ಲಿ ವ್ಯವಹಾರ ನಿರ್ವಹಣೆ ಓದಿದರು. ವಿದ್ಯಾರ್ಥಿ ದೆಸೆಯಲ್ಲೇ ಜಯಪ್ರಕಾಶ್ ನಾರಾಯಣರಿಂದ ಸಮಾಜವಾದಿ ಪಕ್ಷದ ಸದಸ್ಯತ್ವ ಪಡೆದಿದ್ದರು. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸವನ್ನೂ ಕಂಡರು.

ಕ್ಷೇತ್ರದ ಸ್ವರೂಪ

ಕೇರಳ ವಿಧಾನಸಭೆಯಲ್ಲಿ 140 ಚುನಾಯಿತ ಸ್ಥಾನಗಳಿವೆ. ವಯನಾಡಿನ ಪಾಲಿಗೆ ಮೂರು: ಮಾನಂದವಾಡಿ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ. ಜಿಲ್ಲೆಯ ಜನಸಂಖ್ಯೆಯಲ್ಲಿ ಆದಿವಾಸಿಗಳ ಪ್ರಮಾಣ 2011ರ ಜನಗಣತಿಯಂತೆ ಶೇಕಡಾ 18ಕ್ಕೂ ಹೆಚ್ಚು. ಆದ್ದರಿಂದ ಈಗ ಮೊದಲ ಎರಡು ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದು, ಕಲ್ಪೆಟ್ಟ ಮಾತ್ರ ಸಾಮಾನ್ಯ ಕ್ಷೇತ್ರವಾಗಿದೆ. ಕಾಫಿ, ಚಹಾ, ಮೆಣಸಿನ ತೋಟಗಳ ಈ ನಾಡಿನಲ್ಲಿ ತೋಟದ ಮಾಲೀಕ, ಕೂಲಿಗಾರ, ವಲಸೆ ಬಂದು ನೆಲೆಸಿದ ರೈತ, ಕಾಡಿನ ಮೂಲನಿವಾಸಿ ಎಲ್ಲರೂ ಮತದಾರರೇ. ಇವರ ಹಿತಗಳು ಒಂದೇ ಸಾಲಿನಲ್ಲಿ ನಿಲ್ಲುವುದು ಅಪರೂಪ. ವೀರೇಂದ್ರಕುಮಾರ್ ಸ್ವತಃ ತೋಟಗಾರ ಮನೆತನದವರು ಎಂಬುದನ್ನು ಮರೆಯುವಂತಿಲ್ಲ.

ಅಲ್ಪಾಯುಷಿ ಸಚಿವಗಿರಿ

1987ರ ಏಪ್ರಿಲ್‌ನಲ್ಲಿ ಇ.ಕೆ. ನಾಯನಾರ್ ನೇತೃತ್ವದ ಎಡರಂಗ ಸರ್ಕಾರ ಅಧಿಕಾರಕ್ಕೆ ಬಂದಾಗ ವೀರೇಂದ್ರಕುಮಾರ್ ಅರಣ್ಯ ಸಚಿವರಾದರು. ಅವರ ಮೊದಲ ಆದೇಶ ಕಾಡಿನ ಮರ ಕಡಿಯಬಾರದು ಎಂಬುದಾಗಿತ್ತು. ನಾಟಾ ಮಾರಾಟ ಅರಣ್ಯ ಇಲಾಖೆಯ ಆದಾಯದ ಮೂಲವಾಗಿದ್ದ ಕಾಲದಲ್ಲಿ, ನಾಗರಹೊಳೆ ಮತ್ತು ಬಂಡೀಪುರಗಳಿಗೆ ಹೊಂದಿಕೊಂಡ ಕಾಡಿನ ಜಿಲ್ಲೆಯಿಂದ ಬಂದ ಸಚಿವರ ಈ ಆದೇಶಕ್ಕೆ ತೂಕವಿತ್ತು.

ಆದೇಶ ಹೊರಟಿತು, ಸಚಿವರೂ ಹೊರಟರು. ಪಕ್ಷದೊಳಗಿನ ಭಿನ್ನಾಭಿಪ್ರಾಯದಿಂದಾಗಿ ವಾರ ತುಂಬುವ ಮೊದಲೇ ಅವರು ರಾಜೀನಾಮೆ ಸಲ್ಲಿಸಿದರು. ಸಚಿವ ಪದವಿ ಬಿಟ್ಟವನ ಶಾಸಕತ್ವ ಹೋಗುವುದಿಲ್ಲ. ಅವೆರಡೂ ಬೇರೆ ಬೇರೆ. ವೀರೇಂದ್ರಕುಮಾರ್ ಕಲ್ಪೆಟ್ಟದ ಪ್ರತಿನಿಧಿಯಾಗಿ ಸದನದಲ್ಲಿ ಮುಂದುವರಿದರು.

ದೆಹಲಿಯ ವರ್ಷಗಳು

1996ರಲ್ಲಿ ಜನತಾದಳದ ಅಭ್ಯರ್ಥಿಯಾಗಿ ಕೋಯಿಕ್ಕೋಡಿನಿಂದ ಲೋಕಸಭೆಗೆ ಗೆದ್ದ ಅವರು ಎಚ್.ಡಿ. ದೇವೇಗೌಡ ಮತ್ತು ಐ.ಕೆ. ಗುಜ್ರಾಲ್ ಅವರ ಸರ್ಕಾರಗಳಲ್ಲಿ ರಾಜ್ಯ ಸಚಿವರಾದರು. ಮೊದಲು ಹಣಕಾಸು, ಅನಂತರ ಕಾರ್ಮಿಕ ಖಾತೆ ಅವರದಾಗಿತ್ತು. 2004ರಲ್ಲಿ ಅದೇ ಕ್ಷೇತ್ರದಿಂದ ಪುನಃ ಗೆದ್ದರು. 2009ರಲ್ಲಿ ಆ ಕ್ಷೇತ್ರ ತಮ್ಮ ಪಕ್ಷಕ್ಕೆ ಸಿಗದೆ ಹೋದಾಗ ಎಡರಂಗದಿಂದ ದೂರ ಸರಿದು ಕಾಂಗ್ರೆಸ್ ನೇತೃತ್ವದ ರಂಗವನ್ನು ಸೇರಿದರು.

ಲೇಖನಿ ಮತ್ತು ನೀರು

ಕೆ.ಪಿ. ಕೇಶವ ಮೇನೋನರು 1923ರಲ್ಲಿ ಆರಂಭಿಸಿದ ‘ಮಾತೃಭೂಮಿ’ ದೈನಿಕದ ಆಡಳಿತ ಚುಕ್ಕಾಣಿಯನ್ನು ವೀರೇಂದ್ರಕುಮಾರ್ 1979ರಿಂದ ಹಿಡಿದಿದ್ದರು. ರಾಜಕಾರಣಿಯೊಬ್ಬ ಪತ್ರಿಕೆಯನ್ನೂ ನಡೆಸುವುದರಲ್ಲಿ ಅಡಗಿರುವ ಮುಜುಗರ ಇಲ್ಲಿಯೂ ಇತ್ತು. ಆದರೆ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ ಕೋಕಾ ಕೋಲಾ ಘಟಕ ಅಂತರ್ಜಲ ಬರಿದು ಮಾಡುತ್ತಿದೆ ಎಂದು ಆದಿವಾಸಿ ಮಹಿಳೆಯರು ಧರಣಿ ಕುಳಿತಾಗ ಈ ಇಮ್ಮಡಿ ಸ್ಥಾನ ನೆರವಿಗೆ ಬಂತು. ಪತ್ರಿಕೆ ಅವರ ಪರ ನಿಂತಿತು. 2004ರ ಜನವರಿಯಲ್ಲಿ ಅಲ್ಲಿ ವಿಶ್ವ ಜಲ ಸಮ್ಮೇಳನ ನಡೆಯಿತು. ಮಾರ್ಚ್‌ನಲ್ಲಿ ಘಟಕದ ಉತ್ಪಾದನೆ ನಿಂತಿತು.

ಹಿಮಾಲಯ ಪ್ರವಾಸದ ಕೃತಿ ‘ಹೈಮವತಭೂವಿಲ್’ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಮುಂದೆ ಮೂರ್ತಿದೇವಿ ಪ್ರಶಸ್ತಿ ದೊರೆತವು.

ರಾಜ್ಯಸಭೆ ಮತ್ತು ಕೊನೆಯ ದಿನಗಳು

ರಾಜ್ಯಸಭೆಗೆ ಮತ ಹಾಕುವವರು ಜನರಲ್ಲ, ಆಯಾ ರಾಜ್ಯದ ಶಾಸಕರು. 2016ರಲ್ಲಿ ಕಾಂಗ್ರೆಸ್ ರಂಗದ ಬೆಂಬಲದಿಂದ ವೀರೇಂದ್ರಕುಮಾರ್ ಅಲ್ಲಿಗೆ ಆಯ್ಕೆಯಾದರು. ಆಗ ಅವರು ಸಂಯುಕ್ತ ಜನತಾದಳದಲ್ಲಿದ್ದರು. ಆ ಪಕ್ಷದ ನಿತೀಶ್ ಕುಮಾರ್ 2017ರಲ್ಲಿ ಬಿಜೆಪಿಯ ಕೈ ಹಿಡಿದಾಗ ವೀರೇಂದ್ರಕುಮಾರ್ ಸ್ಥಾನ ತೊರೆದರು. 2018ರ ಮಾರ್ಚ್‌ನಲ್ಲಿ ಅದೇ ಸ್ಥಾನಕ್ಕೆ ಮರಳಿದರು, ಈ ಬಾರಿ ಎಡರಂಗದ ಬೆಂಬಲದಿಂದ. ತತ್ತ್ವನಿಷ್ಠೆ ಎಂದವರಿದ್ದಾರೆ, ರಂಗ ಬದಲಾಯಿಸುವ ಜಾಣ್ಮೆ ಎಂದವರೂ ಇದ್ದಾರೆ. 1987 ಮತ್ತು 2009ನ್ನು ಒಟ್ಟಿಗೆ ನೋಡಿದವರು ಎರಡನ್ನೂ ಪೂರ್ತಿ ತಳ್ಳಿಹಾಕಲಾರರು.

2020ರ ಮೇ 28ರಂದು ಕೋಯಿಕ್ಕೋಡಿನಲ್ಲಿ ಅವರು ನಿಧನರಾದರು. ಅಂತ್ಯಸಂಸ್ಕಾರ ಕಲ್ಪೆಟ್ಟದಲ್ಲಿ ನಡೆಯಿತು. ತೆರವಾದ ಸ್ಥಾನಕ್ಕೆ ಆಗಸ್ಟ್ 24ರಂದು ಶಾಸಕರು ಮತ ಹಾಕಿ ಅವರ ಮಗ, 2006ರಿಂದ 2016ರವರೆಗೆ ಕಲ್ಪೆಟ್ಟದ ಶಾಸಕರಾಗಿದ್ದ ಎಂ.ವಿ. ಶ್ರೇಯಾಂಸಕುಮಾರ್ ಅವರನ್ನು ಆರಿಸಿದರು. ಶ್ರೇಯಾಂಸ ಹನ್ನೊಂದನೆಯ ತೀರ್ಥಂಕರನ ಹೆಸರು.