ಪ್ರಥಮ ಬಿ.ಎ. ಪರೀಕ್ಷೆಯ ಫಲಿತಾಂಶ

ವರ್ಷಕ್ಕೊಮ್ಮೆ ಪರೀಕ್ಷೆಯ ಫಲಿತಾಂಶವು ಪ್ರಕಟವಾದಾಗ, ನೂರಕ್ಕೆ ಇಷ್ಟು ಮಂದಿ ತೇರ್ಗಡೆಯಾದರೆಂಬ ಒಂದು ಅಂಕಿಯಿಂದಲೇ ನಾವು ಕಾಲೇಜಿನ ಯೋಗ್ಯತೆಯನ್ನು ನಿರ್ಣಯಿಸುತ್ತೇವೆ. ಈ ಅಳತೆಗೋಲು ನಮ್ಮ ದೇಶದಲ್ಲಿ ಮೊದಲು ಬಳಕೆಗೆ ಬಂದಾಗ ಹೇಗಿದ್ದಿತೆಂಬುದನ್ನು ಅರಿಯುವುದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಪಯುಕ್ತವಾದೀತು.

1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ಮೂರಕ್ಕೂ ಲಂಡನ್ ವಿಶ್ವವಿದ್ಯಾನಿಲಯವೇ ಮಾದರಿ. ಪಾಠ ಹೇಳುವುದು ಕಾಲೇಜುಗಳ ಹೊಣೆ. ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ಆಗ ವಿಶ್ವವಿದ್ಯಾನಿಲಯದ ಕಾರ್ಯ. ಕಲಿಸುವ ಸಂಸ್ಥೆಯೊಂದು, ಅಳೆಯುವ ಸಂಸ್ಥೆ ಇನ್ನೊಂದು ಆದುದರಿಂದ ಕಾಲೇಜಿನ ಕೀರ್ತಿಯು ಫಲಿತಾಂಶದ ಪಟ್ಟಿಯನ್ನೇ ಆಶ್ರಯಿಸಿತು. ಅಂದು ಕಾಸರಗೋಡು, ಆದವಾನಿಗಳು ಮದರಾಸು ಪ್ರಾಂತಕ್ಕೂ ಸೊಲ್ಲಾಪುರವು ಮುಂಬಯಿ ಪ್ರಾಂತಕ್ಕೂ ಸೇರಿದ್ದುದರಿಂದ, ಗಡಿನಾಡಿನ ನಮ್ಮ ಹಿರಿಯರೂ ಇದೇ ಪದ್ಧತಿಗೆ ಒಳಗಾದರು.

ಕಲ್ಕತ್ತೆಯಲ್ಲಿ 1857ರ ಮಾರ್ಚ್ ತಿಂಗಳಲ್ಲಿ ನಡೆದ ಪ್ರಥಮ ಪ್ರವೇಶ ಪರೀಕ್ಷೆಗೆ 244 ಮಂದಿ ಕುಳಿತರು. 162 ಮಂದಿ ಉತ್ತೀರ್ಣರಾದರು. ಮರುವರ್ಷ ಬಿ.ಎ. ಪರೀಕ್ಷೆ ನಡೆಯಿತು. ಅದಕ್ಕೆ ಹೆಸರು ಕೊಟ್ಟವರು 13 ಮಂದಿ, ಕುಳಿತವರು 10 ಮಂದಿ. ಆರು ವಿಷಯಗಳಲ್ಲಿಯೂ ತೇರ್ಗಡೆಯಾದವರು ಒಬ್ಬರೂ ಇರಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಇಬ್ಬರು ತರುಣರು ಐದು ವಿಷಯಗಳಲ್ಲಿ ಗೆದ್ದು, ಆರನೆಯದರಲ್ಲಿ ಏಳಕ್ಕೆ ಮೀರದಷ್ಟು ಅಂಕಗಳಿಂದ ಹಿಂದೆ ಬಿದ್ದಿದ್ದರು. ಪರೀಕ್ಷಕರ ಶಿಫಾರಸಿನ ಮೇರೆಗೆ ಅವರಿಗೆ ಕೃಪಾಂಕಗಳನ್ನಿತ್ತು ದ್ವಿತೀಯ ವರ್ಗದಲ್ಲಿ ತೇರ್ಗಡೆ ಮಾಡಲಾಯಿತು. ಒಬ್ಬರು ಯದುನಾಥ ಬೋಸ್, ಮತ್ತೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯ.

ಕೃಪಾಂಕವಿಲ್ಲದಿದ್ದರೆ ಆ ವರ್ಷದ ಫಲಿತಾಂಶ ಸೊನ್ನೆ. ಹಾಗೆಂದು ಕಾಲೇಜು ಅಯೋಗ್ಯವಾಗಿದ್ದಿತೆ? ವಿಶ್ವವಿದ್ಯಾನಿಲಯಕ್ಕೆ ಆಗಿನ್ನೂ ಒಂದು ವರ್ಷದ ವಯಸ್ಸು, ಪರೀಕ್ಷೆ ಹೊಸದು, ಪಾಠ್ಯವಿಷಯಗಳು ವಿಶಾಲ, ಉತ್ತರ ಬರೆಯಬೇಕಾದುದು ಪರಭಾಷೆಯಲ್ಲಿ. ಈ ಸಂಗತಿಗಳಾವುವೂ ಪಟ್ಟಿಯಲ್ಲಿ ಕಾಣುವುದಿಲ್ಲ. ಕೊಟ್ಟ ಕೃಪಾಂಕವೂ ಕೇವಲ ದಾನವಾಗಿರಲಿಲ್ಲ. ಐದು ವಿಷಯಗಳ ಶ್ರಮವನ್ನು ಆರನೆಯದರ ಅಲ್ಪ ನ್ಯೂನತೆಗಾಗಿ ವ್ಯರ್ಥಗೊಳಿಸಬಾರದೆಂಬ ವಿವೇಚನೆ ಅದರಲ್ಲಿದ್ದಿತು.

ಬಂಕಿಮಚಂದ್ರರು ಮೊದಲು ಇಂಗ್ಲಿಷಿನಲ್ಲಿ ಕಾದಂಬರಿಯೊಂದನ್ನು ಬರೆದು, ಬಳಿಕ ತಾಯ್ನುಡಿಗೆ ತಿರುಗಿದರು. 1865ರಲ್ಲಿ ‘ದುರ್ಗೇಶನಂದಿನಿ’ ಪ್ರಕಟವಾಯಿತು. 1872ರಲ್ಲಿ ‘ಬಂಗದರ್ಶನ’ ಪತ್ರಿಕೆ ಹೊರಟಿತು. ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಅವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಹೊಸಗನ್ನಡದ ಓದುಗರಿಗೆ ಕಾದಂಬರಿಯ ರುಚಿಯನ್ನು ಹತ್ತಿಸಿದ ಕೃತಿಗಳಲ್ಲಿ ಇವೂ ಸೇರಿವೆ.

ಇದರಿಂದ ಪರೀಕ್ಷೆಯೇ ನಿರರ್ಥಕವೆಂದು ನಾವು ಹೇಳುತ್ತಿಲ್ಲ. ಬಂಕಿಮರು ಐದು ವಿಷಯಗಳಲ್ಲಿ ಗೆದ್ದುದು ಸ್ವಂತ ಪರಿಶ್ರಮದಿಂದಲೇ. ಆದರೆ ಫಲಿತಾಂಶದ ಅಂಕಿಯನ್ನು ಕಂಡಾಗ, ಕುಳಿತವರೆಷ್ಟು, ಕಲಿತ ನುಡಿ ಯಾವುದು, ಉತ್ತರಿಸಿದ ನುಡಿ ಯಾವುದು, ಸೋತವನು ಎಷ್ಟರಿಂದ ಸೋತನು ಎಂದು ಕೇಳುವುದು ನಮ್ಮ ಧರ್ಮ. ಕನ್ನಡದಲ್ಲಿ ಕಲಿತು ಅನ್ಯಭಾಷೆಯ ಕಾಲೇಜನ್ನು ಸೇರುವ ಗಡಿನಾಡಿನ ಮಕ್ಕಳ ವಿಷಯದಲ್ಲಂತೂ ಈ ಪ್ರಶ್ನೆಗಳನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಾಗದು.