ವಿಶ್ವ ಕಿವುಡರ ಒಕ್ಕೂಟ

ವಿಶ್ವ ಕಿವುಡರ ಒಕ್ಕೂಟವು ಕಿವುಡರ ಮಾನವ ಹಕ್ಕುಗಳಿಗಾಗಿ ಮತ್ತು ಸನ್ನೆ ಭಾಷೆಗಳ ಮಾನ್ಯತೆಗಾಗಿ ಶ್ರಮಿಸುತ್ತಿರುವ ಅಂತರರಾಷ್ಟ್ರೀಯ ಸರ್ಕಾರೇತರ ಸಂಸ್ಥೆ. ವಿವಿಧ ದೇಶಗಳ ರಾಷ್ಟ್ರೀಯ ಕಿವುಡರ ಸಂಘಗಳು ಇದರ ಸದಸ್ಯರಾಗಿವೆ. ಕೇಂದ್ರ ಕಚೇರಿ ಫಿನ್ಲೆಂಡ್‌ನ ಹೆಲ್ಸಿಂಕಿಯಲ್ಲಿದೆ. ಕಿವುಡರ ಪರವಾಗಿ ಕಿವುಡರೇ ಮಾತನಾಡಬೇಕು ಎಂಬುದು ಒಕ್ಕೂಟದ ಮೂಲ ನಿಲುವು.

ಇತಿಹಾಸ

ಈ ನಿಲುವಿನ ಹಿಂದೆ ಒಂದು ಕಹಿ ಅನುಭವವಿದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡ ಮಕ್ಕಳಿಗೆ ಸನ್ನೆಯ ಬದಲು ತುಟಿಚಲನೆ ಮತ್ತು ಮಾತಿನ ಮೂಲಕವೇ ಕಲಿಸಬೇಕೆಂದು ನಿರ್ಣಯಿಸಿತು. ಮತ ಹಾಕಿದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರೇ. ಅನಂತರ ಹಲವು ದೇಶಗಳ ಶಾಲೆಗಳಲ್ಲಿ ಸನ್ನೆ ನಿಷಿದ್ಧವಾಯಿತು. ಆ ನಿರ್ಣಯಗಳನ್ನು ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನವು ಅಧಿಕೃತವಾಗಿ ತಿರಸ್ಕರಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಅಷ್ಟರಲ್ಲಿ 130 ವರ್ಷಗಳು ಕಳೆದಿದ್ದವು.

ಒಕ್ಕೂಟ ಹುಟ್ಟಿದ್ದೂ ಇಟಲಿಯಲ್ಲಿಯೇ. ಅಲ್ಲಿನ ರಾಷ್ಟ್ರೀಯ ಕಿವುಡರ ಸಂಸ್ಥೆಯ ಆಶ್ರಯದಲ್ಲಿ ರೋಮ್ ನಗರದಲ್ಲಿ ನಡೆದ ಮೊದಲ ವಿಶ್ವ ಕಿವುಡರ ಸಮ್ಮೇಳನದಲ್ಲಿ, 1951ರ ಸೆಪ್ಟೆಂಬರ್ 23ರಂದು ಅದು ಸ್ಥಾಪನೆಯಾಯಿತು. ವಿಟ್ಟೋರಿಯೊ ಇಯೆರಲ್ಲಾ ಮೊದಲ ಅಧ್ಯಕ್ಷರು. ಯುಗೊಸ್ಲಾವಿಯದ ದ್ರಾಗೊಲ್ಯೂಬ್ ವುಕೋತಿಚ್ 1955ರಿಂದ 1983ರವರೆಗೆ ಅಧ್ಯಕ್ಷರಾಗಿದ್ದರು. 1995ರಲ್ಲಿ ಆ ಸ್ಥಾನಕ್ಕೆ ಬಂದ ಫಿನ್ಲೆಂಡ್‌ನ ಲೀಸಾ ಕೌಪ್ಪಿನೆನ್ ಅವರಿಗೆ 2013ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ದೊರೆಯಿತು.

ಒಕ್ಕೂಟದ ಕೆಲಸದ ಫಲ ಹೆಚ್ಚು ಸ್ಪಷ್ಟವಾಗಿ ಕಾಣುವುದು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ (2006). ಅದರ 2ನೆಯ ವಿಧಿಯು 'ಭಾಷೆ' ಎಂಬ ಪದದ ಅರ್ಥದಲ್ಲಿ ಮಾತಿನ ಭಾಷೆಗಳ ಜೊತೆಗೆ ಸನ್ನೆ ಭಾಷೆಗಳನ್ನೂ ಸೇರಿಸಿತು. ಒಕ್ಕೂಟದ ಸ್ಥಾಪನೆಯ ದಿನವಾದ ಸೆಪ್ಟೆಂಬರ್ 23 ಅನ್ನು 2018ರಿಂದ ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನವಾಗಿ ಆಚರಿಸಲಾಗುತ್ತಿದೆ.

ಭಾರತ ಮತ್ತು ಬೆಂಗಳೂರು

ದೆಹಲಿಯಲ್ಲಿ 1955ರಲ್ಲಿ ಅಖಿಲ ಭಾರತ ಕಿವುಡರ ಒಕ್ಕೂಟ ಸ್ಥಾಪನೆಯಾಯಿತು. ಆದರೆ ಇಲ್ಲಿನ ಕಿವುಡರು ಬಳಸುವ ಸನ್ನೆಗಳು ಒಂದು ಭಾಷೆಯೇ ಎಂಬ ಪ್ರಶ್ನೆಗೆ ಶಾಸ್ತ್ರೀಯ ಉತ್ತರ ಸಿಗಲು ಇನ್ನೂ ಎರಡು ದಶಕ ಬೇಕಾಯಿತು. ಸ್ವತಃ ಕಿವುಡರಾದ ಮದನ್ ವಸಿಷ್ಠ ಮತ್ತು ಭಾಷಾವಿಜ್ಞಾನಿ ಜೇಮ್ಸ್ ವುಡ್‌ವರ್ಡ್ ಮೊದಲಾದವರು 1970ರ ದಶಕದ ಉತ್ತರಾರ್ಧದಲ್ಲಿ ದೆಹಲಿ, ಕಲ್ಕತ್ತ, ಬೊಂಬಾಯಿ ಮತ್ತು ಬೆಂಗಳೂರಿನ ಸನ್ನೆಗಳನ್ನು ಅಧ್ಯಯನ ಮಾಡಿದರು. ಊರಿಂದೂರಿಗೆ ವ್ಯತ್ಯಾಸಗಳಿದ್ದರೂ ಅವು ಒಂದೇ ದೇಶೀಯ ಭಾಷೆಯ ಪ್ರಭೇದಗಳು ಎಂದು ಅವರು ತೀರ್ಮಾನಿಸಿದರು. ಬೆಂಗಳೂರು ಪ್ರಭೇದವನ್ನು ಪರಿಚಯಿಸುವ ಪ್ರತ್ಯೇಕ ಪುಸ್ತಕ 1985ರಲ್ಲಿ ಅಮೆರಿಕದ ಗ್ಯಾಲೊಡೆಟ್‌ನಲ್ಲಿ ಪ್ರಕಟವಾಯಿತು. ಬೆಂಗಳೂರಿನ ಕಿವುಡರು ಆಡುವುದು ಕನ್ನಡದ ಕೈಸನ್ನೆ ರೂಪವಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ.

ಭಾರತವು ಒಡಂಬಡಿಕೆಯನ್ನು 2007ರಲ್ಲಿ ಅನುಮೋದಿಸಿತು. ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. 2011ರ ಜನಗಣತಿಯು ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಗೆ ಶ್ರವಣ ಸಂಬಂಧಿ ಅಂಗವೈಕಲ್ಯವಿದೆ ಎಂದು ದಾಖಲಿಸಿದೆ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಭಾರತೀಯ ಸನ್ನೆ ಭಾಷೆ ಸೇರಿಲ್ಲ.

ಪದಬಳಕೆ

ಕಿವುಡುತನವನ್ನು ದೋಷವೆಂದು ಸೂಚಿಸುವ ಪದಗಳನ್ನು ಕೈಬಿಟ್ಟು 'ಕಿವುಡರು' ಎಂದೇ ಕರೆಯುವಂತೆ ಒಕ್ಕೂಟವು 1991ರಲ್ಲಿ ನಿರ್ಧರಿಸಿತು. ಕನ್ನಡದಲ್ಲಿ ಪರಿಸ್ಥಿತಿ ಹೆಚ್ಚುಕಡಿಮೆ ತಿರುಗುಮುರುಗಾಗಿದೆ: ಸಭ್ಯವೆಂದು ಭಾವಿಸಲಾಗುವ 'ಶ್ರವಣದೋಷವುಳ್ಳವರು' ಎಂಬ ಪದದಲ್ಲಿಯೇ 'ದೋಷ' ಉಳಿದುಕೊಂಡಿದೆ.